ತುಮರಿ ಕಾಯಿಯ ಕಪ್ಪು ಕಷಾಯ

ನಮ್ಮ ಬಳಗದಲ್ಲಿ ಈ ಕತೆಯನ್ನು ಮೂರು ಮಾತಿನಲ್ಲಿ ಮುಗಿಸಿಬಿಡುತ್ತಾರೆ. ಕಾಕಾನ ಕಾಲಿಗೆ ಜಾಲಿ ಮುಳ್ಳು ಚುಚ್ಚಿತು, ಅತ್ತಿಗೆಯ ಕಾಡುಕಾಯಿಯ ಕಷಾಯ ನಂಬಿ ಕುಳಿತ, ಮೊಣಕಾಲಿನ ಕೆಳಗೆ ಕಾಲು ತೆಗೆದರು. ಹೇಳುವವರು ಇಷ್ಟು ಹೇಳಿ ಉಸಿರು ಬಿಡುತ್ತಾರೆ, ಕೇಳುವವರು ಲೊಚಗುಟ್ಟುತ್ತಾರೆ. ಮುಗಿಯಿತು.

ನನಗೆ ಮುಗಿಯಲಿಲ್ಲ. ಒಂದಾದ ಮೇಲೆ ಒಂದು ನಡೆಯಿತು ಎಂದ ಮಾತ್ರಕ್ಕೆ ಮೊದಲಿನದು ಎರಡನೆಯದಕ್ಕೆ ಕಾರಣ ಎನ್ನುವುದು ವಾದವಲ್ಲ, ಅವಸರ. ಕಷಾಯ ಹಾಕಿದ್ದರಿಂದ ಕಾಲು ಹೋಯಿತೋ, ಕಷಾಯ ಹಾಕಿದರೂ ಹೋಯಿತೋ, ಕಷಾಯ ಹಾಕುತ್ತ ಕುಳಿತದ್ದರಿಂದ ಹೋಯಿತೋ? ಇವು ಮೂರೂ ಬೇರೆ ಬೇರೆ ಆರೋಪಗಳು. ಮೊದಲನೆಯದರಲ್ಲಿ ಕಾಯಿ ತಪ್ಪಿತಸ್ಥ, ಎರಡನೆಯದರಲ್ಲಿ ರೋಗ, ಮೂರನೆಯದರಲ್ಲಿ ಮನುಷ್ಯರು. ನಮ್ಮವರು ಮೂರನ್ನೂ ಸೇರಿಸಿ ಒಂದೇ ಗಂಟು ಕಟ್ಟಿ ನನ್ನ ದೊಡ್ಡವ್ವನ ತಲೆಯ ಮೇಲೆ ಇಟ್ಟರು.

ದೊಡ್ಡವ್ವ ಅಂದರೆ ನನ್ನ ತಾಯಿಯ ಅಕ್ಕ. ಗಂಡ ತೀರಿದ ಮೇಲೆ ಕೂಡ್ಲಿಗಿ ಕಡೆಯ ಗುಡ್ಡದ ಬುಡದ ಊರಿನಲ್ಲಿ ಒಬ್ಬಳೇ ಹೊಲ ಮಾಡಿಸಿಕೊಂಡಿದ್ದಳು. ಕಾಕಾ ಆಕೆಯ ಮೈದುನ. ಹೆಂಡತಿಯ ತವರೂರಾದ ತಂಬ್ರಹಳ್ಳಿಯಲ್ಲಿ ಹೊಲ ಹಿಡಿದು ಅಲ್ಲಿಯೇ ನೆಲೆ ನಿಂತಿದ್ದ. ಅವನ ಒಬ್ಬಳೇ ಮಗಳು ಸಣ್ಣವಳಿದ್ದಾಗ ಬಹಳ ವರ್ಷ ದೊಡ್ಡವ್ವನ ಮನೆಯಲ್ಲಿ ಬೆಳೆದಳು. ಆಕೆಯ ಸೆರಗು ಹಿಡಿದು ಗುಡ್ಡ ಹತ್ತಿದಳು, ಆಕೆಯ ಮಗ್ಗುಲಲ್ಲಿ ಮಲಗಿದಳು. ಕೊಟ್ಟೂರಿನಿಂದ ಬೇಸಿಗೆ ರಜೆಗೆ ಹೋಗುತ್ತಿದ್ದ ನನಗೆ ಅವಳ ಮೇಲೆ ಸಣ್ಣ ಹೊಟ್ಟೆಕಿಚ್ಚೂ ಇತ್ತು.

ಆ ಗುಡ್ಡಗಳನ್ನು ದೂರದಿಂದ ನೋಡಿದವರು ಬರೀ ಕಲ್ಲು ಅನ್ನುತ್ತಾರೆ. ಬೇಸಿಗೆಯಲ್ಲಿ ಒಳಗೆ ಹೋಗಿ ನೋಡಬೇಕು. ಕವಳಿ ಹಣ್ಣು ಕಪ್ಪಾಗಿರುತ್ತದೆ, ಕಾರಿ ಹಣ್ಣು ಉದುರಿರುತ್ತದೆ, ಬಂಡೆಯ ಸಂದಿಯಲ್ಲಿ ತುಮರಿ ಮರ ಕಾಯಿ ಹೊತ್ತು ನಿಂತಿರುತ್ತದೆ. ತುಮರಿ ಅಂದರೆ ಬೀಡಿ ಎಲೆಯ ಮರ. ಅದರ ಹಣ್ಣು ಹಳದಿ, ಸಿಹಿ, ಸಪೋಟದ ಹಾಗೆ ಮೆತ್ತಗೆ. ಆದರೆ ಕಾಯಿ ಇದ್ದಾಗ ಕಚ್ಚಿದರೆ ನಾಲಿಗೆ ಮೇಲಕ್ಕೆ ಏಳುವುದಿಲ್ಲ. ಬಾಯಿಯೊಳಗೆ ಯಾರೋ ಚರ್ಮದ ಚೀಲ ಬಿಗಿದ ಹಾಗೆ ಒಗರು. ಹಣ್ಣಿನ ಪಾಲು ಕರಡಿಗಳದು. ನಾವು ಹೋಗುವಷ್ಟರಲ್ಲಿ ಅವು ಊಟ ಮುಗಿಸಿ, ಬೀಜ ತುಂಬಿದ ಲದ್ದಿ ಹಾಕಿ ಹೋಗಿರುತ್ತಿದ್ದವು. ಕಾಯಿಯ ಪಾಲು ದೊಡ್ಡವ್ವನದು.

ಆಕೆ ಕಾಯಿಯನ್ನು ಬಿಲ್ಲೆ ಕೊಯ್ದು ನೆರಳಲ್ಲಿ ಒಣಗಿಸಿ ವರ್ಷಕ್ಕೆ ಆಗುವಷ್ಟು ಇಟ್ಟುಕೊಳ್ಳುತ್ತಿದ್ದಳು. ಕೂಡ್ಲಿಗಿ, ಕೊಟ್ಟೂರು, ಆಚೆ ಹರಪನಹಳ್ಳಿ ಸೀಮೆಯಿಂದಲೂ ಮಂದಿ ಮಾಯದ ಗಾಯ, ಕೀವು ತುಂಬಿದ ಹುಣ್ಣು ತೊಳೆಸಿಕೊಳ್ಳಲು ಬರುತ್ತಿದ್ದರು. ಆಕೆಯದೊಂದು ಪದ್ಧತಿ ಇತ್ತು. ಬಂದವರು ಒಣ ಬಿಲ್ಲೆಯ ಚೂರೊಂದನ್ನು ಮೊದಲು ತಾವೇ ಅಗಿಯಬೇಕು. ಬಾಯಿ ಹಿಡಿದುಕೊಂಡಿತೋ, ಕಾಯಿಯಲ್ಲಿ ಕಸುವು ಇದೆ. ಇಲ್ಲವೋ, ಆ ಕಾಯಿ ತಿಪ್ಪೆಗೆ.

"ಹಿಡೀತೇನ್ರಿ?" ಎಂದು ಕೇಳುತ್ತಿದ್ದಳು. ಬಂದವನು ಮುಖ ಹಿಂಡಿಕೊಂಡು ಕೈ ಆಡಿಸುತ್ತಿದ್ದ.

"ಮಾತು ನಿಂತುವು ಅಂದ್ರ ಹಿಡೀತು. ನಾಕು ಬಿಲ್ಲಿ ಮನಿಗೂ ಒಯ್ರಿ, ನಿಮ್ಮನ್ನ ಸುಮ್ಮನ ಕುಂದ್ರಸಾಕ ಬೇಕಾಕ್ಕಾವು ನಿಮ್ಮ ಮನ್ಯಾಕಿಗೆ."

ಕಷಾಯವನ್ನು ಆಕೆ ಮೊದಲು ಮಣ್ಣಿನ ಮಡಿಕೆಯಲ್ಲಿ ಕುದಿಸುತ್ತಿದ್ದಳು. ಅದು ಕಂದು ಬಣ್ಣಕ್ಕೆ ಬರುತ್ತಿತ್ತು, ಚಹಾದ ಡಿಕಾಕ್ಷನ್ನಿನ ಹಾಗೆ. ಒಮ್ಮೆ ಮಡಿಕೆ ಸೀಳು ಬಿಟ್ಟು, ಬೇರೆ ಸಿಗದೆ, ಕಬ್ಬಿಣದ ಬಾಣಲಿಯಲ್ಲಿ ಕುದಿಸಿದಳು. ಕಷಾಯ ಮಸಿಯ ಹಾಗೆ ಕಪ್ಪಾಯಿತು. ಗಾಯದವರಿಗೆ ಅದು ಬಹಳ ಹಿಡಿಸಿತು. "ಈ ಸಲ ಮದ್ದು ಗಟ್ಟಿ ಐತಿ ನೋಡವ್ವಾ" ಎಂದರು. ಮುಂದಿನ ಸಲ ಕಂದು ಕಷಾಯ ಕೊಟ್ಟರೆ "ನೀರು ಬೆರೆಸೀಯೇನು?" ಎಂದು ಕೇಳಿದರು. ಹಾಗೆ ಬಾಣಲಿ ಒಲೆಯ ಮೇಲೆ ಕಾಯಂ ಆಯಿತು. ಎಷ್ಟು ಕಪ್ಪೋ ಅಷ್ಟು ಗಟ್ಟಿ ಎಂಬುದು ಆಕೆಯ ನಂಬಿಕೆಯೂ ಆಯಿತು.

ನಾನು ಆಗ ಡಿಗ್ರಿ ಓದುತ್ತಿದ್ದೆ. ಕಾಲೇಜುಗಳ ಚರ್ಚಾಸ್ಪರ್ಧೆಗೆ ಕಪ್ ಗೆಲ್ಲಲೆಂದೇ ಹೋಗುವ ಜಾತಿ ನಮ್ಮದು. ಪರವೋ ವಿರೋಧವೋ ಚೀಟಿ ಎತ್ತಿದ ಮೇಲೆ ತಿಳಿಯುತ್ತಿತ್ತು. ಆದ್ದರಿಂದ ಎರಡೂ ಕಡೆಯ ಮಾತು ತಯಾರು ಇಟ್ಟುಕೊಂಡೇ ಬಸ್ಸು ಹತ್ತುತ್ತಿದ್ದೆವು. ಹಡಗಲಿಯಲ್ಲಿ ಒಮ್ಮೆ ನಾಟಿ ಮದ್ದಿನ ವಿಷಯ ಬಂತು, ನನಗೆ ವಿರೋಧದ ಚೀಟಿ ಬಂತು. "ವಾಸಿಯಾದವರು ತೆಂಗಿನಕಾಯಿ ಹಿಡಿದು ಮರಳಿ ಬರುತ್ತಾರೆ, ವಾಸಿಯಾಗದವರು ಬರುವುದಿಲ್ಲ. ಬಂದವರನ್ನಷ್ಟೇ ಎಣಿಸಿದರೆ ಯಾವ ಮದ್ದು ತಾನೆ ಸೋಲುತ್ತದೆ?" ಎಂದೆ. ಕಪ್ ಬಂತು. ಅದನ್ನು ಕೇಳಿದ ದೊಡ್ಡವ್ವ ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು.

"ನನ್ನ ಬೈದಿದ್ದಕ್ಕ ಕಪ್ ಕೊಟ್ರೇನು?"

"ನಿನ್ನ ಬೈದಿಲ್ಲ ದೊಡ್ಡವ್ವಾ. ಲೆಕ್ಕ ತಪ್ಪೈತಿ ಅಂದೆ."

"ಪರ ಚೀಟಿ ಬಂದಿದ್ರ ಏನಂತಿದ್ದಿ?"

"ಲೆಕ್ಕ ಸರಿ ಐತಿ ಅಂತಿದ್ದೆ."

"ಭಾಳ ಚಂದ ಓದಾಕತ್ತೀ ಬಿಡು" ಎಂದು ಒಳಗೆ ಹೋದಳು.

ಕಾಕಾನಿಗೆ ಮುಳ್ಳು ಚುಚ್ಚಿದ್ದು ಇದಾದ ವರ್ಷವೇ. ಹಿನ್ನೀರಿನ ದಂಡೆಯ ಹೊಲ, ಕಾಲಡಿ ಯಾವಾಗಲೂ ಕೆಸರು. ಚುಚ್ಚಿದ್ದೇ ಅವನಿಗೆ ತಿಳಿಯಲಿಲ್ಲವಂತೆ, ಪಾದ ಊದಿದಾಗ ನೋಡಿಕೊಂಡ. ದವಾಖಾನೆಗೆ ಹೋಗೋಣವೆಂದು ಹೆಂಡತಿ ಅಂದರೆ, "ನಮ್ಮ ಅತ್ತಿಗೆವ್ವ ಇಂಥವು ಎಷ್ಟು ನೋಡ್ಯಾಳ" ಎಂದು ನೆಟ್ಟಗೆ ಗುಡ್ಡದ ಊರಿಗೆ ಬಂದ. ದೊಡ್ಡವ್ವ ಪದ್ಧತಿಯ ಪ್ರಕಾರ ಚೂರು ಅಗಿಸಿದಳು, ಬಾಯಿ ಹಿಡಿಯಿತು. ಬಾಣಲಿಯಲ್ಲಿ ಕುದಿಸಿದ ಕಪ್ಪು ಕಷಾಯದಲ್ಲಿ ದಿನವೂ ಎರಡು ಹೊತ್ತು ಪಾದ ತೊಳೆದಳು. ಮೇಲಿನ ಚರ್ಮ ಬಿಗಿದು ಒಣಗಿದ ಹಾಗೆ ಕಂಡಿತು. ಒಳಗೆ ಕೊಳೆಯುತ್ತಿತ್ತು. ಬೆರಳು ಕಪ್ಪಾದಾಗಲೂ ಕಷಾಯದ ಬಣ್ಣ ಅಂಟಿದೆ ಎಂದುಕೊಂಡರು. ವಾಸನೆ ಬಂದ ಮೇಲೆ ಬಾಡಿಗೆ ಜೀಪು ಮಾಡಿ ಬಳ್ಳಾರಿಗೆ ಒಯ್ದರು.

ದವಾಖಾನೆಯ ಪಡಸಾಲೆಯಲ್ಲಿ ನಾನೂ ಇದ್ದೆ. ಡಾಕ್ಟರು ಹೊರಗೆ ಬಂದು, ಸಕ್ಕರೆ ಕಾಯಿಲೆ ಬಹಳ ಏರಿದೆ, ಪಾದಕ್ಕೆ ರಕ್ತ ಓಡುತ್ತಿಲ್ಲ, ಕಾಲು ಉಳಿಯುವುದಿಲ್ಲ, ಜೀವ ಉಳಿಸೋಣ ಎಂದರು. ಕಾಕಾನ ಹೆಂಡತಿಯನ್ನು ನಾನು ಚಿಗವ್ವ ಅನ್ನುತ್ತೇನೆ. ಆಕೆ ಅಳಲಿಲ್ಲ. ಬೆಂಚಿನ ಆ ತುದಿಗೆ ಕುಳಿತಿದ್ದ ದೊಡ್ಡವ್ವನ ಮುಂದೆ ಹೋಗಿ ನಿಂತಳು.

"ಅಕ್ಕಾ, ನಿನ್ನ ಕರೇ ನೀರು ನನ್ನ ಗಂಡನ ಕಾಲು ತಿಂತು."

"ಅವನಿಗೆ ಸಕ್ಕರಿ ಐತಂತ ಯಾರು ಹೇಳಿದ್ರವ್ವಾ ನನಗ? ಸಕ್ಕರಿ ಇದ್ದವರ ಕಾಲು ನಾನು ಮುಟ್ಟಿದ್ದು ಯಾರರ ನೋಡ್ಯಾರೇನು? ಅಂಥವರನ್ನ ಬಾಗಲಾಗ ನಿಂತಾಗ ದವಾಖಾನಿಗೆ ಕಳಿಸ್ತೀನಿ."

"ನಮಗೂ ಯಾರು ಹೇಳಿದ್ರು? ನೀನು ದೊಡ್ಡ ವೈದ್ಯಗಾರ್ತಿ, ನಿನಗ ತಿಳೀಬೇಕಿತ್ತು. ಇವತ್ತಿಗೆ ನಿನಗೂ ನಮ್ಮ ಹೊಸ್ತಿಲಿಗೂ ತೀರಿತು."

ಹಾಗೆಯೇ ತೀರಿತು. ತಂಬ್ರಹಳ್ಳಿಯ ಬಾಗಿಲು ದೊಡ್ಡವ್ವನಿಗೆ ಮುಚ್ಚಿತು. ಗುಡ್ಡದ ಊರಿಗೆ ಗಾಯ ಹೊತ್ತು ಬರುವವರು ನಿಂತರು, ಬಾಣಲಿ ಮೂಲೆಗೆ ಬಿತ್ತು. ಅದೆಲ್ಲವನ್ನೂ ಆಕೆ ತಡೆದುಕೊಂಡಳು. ತಡೆದುಕೊಳ್ಳಲಾಗದೆ ಇದ್ದದ್ದು ಒಂದೇ: ತಾನು ಬೆಳೆಸಿದ ಹುಡುಗಿ ಬರುವುದು ನಿಂತದ್ದು. ಮೂರು ವರ್ಷದ ಮೇಲೆ ಆ ಹುಡುಗಿಗೆ ಮದುವೆ ಗೊತ್ತಾಯಿತು. ಬಳಗಕ್ಕೆಲ್ಲ ಕರೆ ಹೋಯಿತು, ದೊಡ್ಡವ್ವನಿಗೆ ಇಲ್ಲ. ಆಕೆ ನನ್ನ ತಾಯಿಯ ಮುಂದೆ ಒಂದೇ ಮಾತು ಅಂದಳಂತೆ: "ಕರೀಲಿಲ್ಲಂದ್ರೂ ಹೋಗಿ ಹಂದರದ ಹೊರಗ ನಿಂತು ನೋಡಿ ಬರ್ತೀನಿ."

ನಾನು ಆಗ ದಾವಣಗೆರೆಯಲ್ಲಿ ಎಂ.ಎಸ್ಸಿ. ಓದುತ್ತಿದ್ದೆ. ಪ್ರಾಜೆಕ್ಟಿಗೆ ವಿಷಯ ಕೇಳಿದಾಗ ನಮ್ಮ ಗುಡ್ಡದ ಕಾಡುಹಣ್ಣುಗಳಲ್ಲಿ ಇರುವ ಫೀನಾಲಿಕ್ ಸಂಯುಕ್ತಗಳು ಎಂದು ಬರೆದುಕೊಟ್ಟೆ. ನನ್ನ ಮೇಡಂ ಅದನ್ನು ಓದಿ, ನಾನು ಕಾರಣ ಹೇಳಿದ್ದನ್ನೂ ಕೇಳಿ, ಕನ್ನಡಕ ತೆಗೆದರು.

"ನೀನು ಲ್ಯಾಬಿಗೆ ಬಂದಿದೀಯೋ, ಕೋರ್ಟಿಗೆ ಬಂದಿದೀಯೋ?"

"ಎರಡಕ್ಕೂ ಸಾಕ್ಷಿ ಬೇಕಲ್ಲ ಮೇಡಂ."

"ಕೋರ್ಟಿನಲ್ಲಿ ನಿನಗೆ ಬೇಕಾದ ಸಾಕ್ಷಿ ತರಬಹುದು. ಇಲ್ಲಿ ಬಂದದ್ದನ್ನ ಇಟ್ಕೋಬೇಕು. ಆಗುತ್ತಾ?"

ಆಗುತ್ತದೆ ಎಂದೆ. ಗುಡ್ಡದ ಊರಿಗೆ ಹೋಗಿ ಕವಳಿ ಹಣ್ಣು, ತುಮರಿ ಬಿಲ್ಲೆ, ಜೊತೆಗೆ ಆ ಕಬ್ಬಿಣದ ಬಾಣಲಿಯನ್ನೂ ಕೇಳಿ ತಂದೆ. ಹರಪನಹಳ್ಳಿಯಲ್ಲಿ ಬಸ್ಸು ಬದಲಿಸುವಾಗ ಕಂಡಕ್ಟರು ಬಾಣಲಿ ನೋಡಿ, "ಏನ್ ತಂಗೀ, ದಾವಣಗೆರ‍್ಯಾಗ ಮಿರ್ಚಿ ಅಂಗಡಿ ಇಡ್ತೀಯೇನು? ಅಲ್ಲಿ ಈಗಾಗ್ಲೇ ಭಾಳ ಅದಾವು" ಎಂದ. ಬಸ್ಸೆಲ್ಲ ನಕ್ಕಿತು. ನಾನು ಬಾಣಲಿಯನ್ನು ತೊಡೆಯ ಮೇಲೆ ಇಟ್ಟುಕೊಂಡೇ ಕುಳಿತೆ.

ಒಗರು ಎಂದು ನಾವು ಕರೆಯುವ ಆ ಹಿಡಿತಕ್ಕೆ ಕಾರಣ ಟ್ಯಾನಿನ್ನುಗಳು. ಫೀನಾಲಿಕ್ ಸಂಯುಕ್ತಗಳದೇ ಒಂದು ದೊಡ್ಡ ಬಳಗ. ಅವು ನಮ್ಮ ಜೊಲ್ಲಿನ ಪ್ರೋಟೀನನ್ನು ಹಿಡಿದು ಗಂಟು ಹಾಕುತ್ತವೆ, ಆದ್ದರಿಂದ ಬಾಯಿ ಒಣಗಿ ಬಿಗಿಯುತ್ತದೆ. ಅದೇ ಹಿಡಿತವನ್ನು ಸೂಕ್ಷ್ಮಜೀವಿಯ ಮೇಲೂ ಹಾಕಬಲ್ಲವು, ಅದರ ಬದುಕಿಗೆ ಬೇಕಾದ ಕಬ್ಬಿಣದ ಅಂಶವನ್ನೂ ಕಸಿದು ಇಟ್ಟುಕೊಳ್ಳಬಲ್ಲವು. ಗಿಡ ತನ್ನ ಬೀಜ ಬಲಿಯುವ ತನಕ ಹುಳ, ಬೂಷ್ಟು, ನಮ್ಮಂಥವರ ಹಲ್ಲು ಇವುಗಳಿಂದ ಕಾಯಿಯನ್ನು ಕಾಯಲು ಇಟ್ಟ ಕಾವಲು ಅದು. ಬೀಜ ಬಲಿತ ಮೇಲೆ ಕಾವಲು ಸಡಿಲಾಗುತ್ತದೆ, ಹಣ್ಣು ಸಿಹಿಯಾಗುತ್ತದೆ, ಕರಡಿ ಬರುತ್ತದೆ. ದೊಡ್ಡವ್ವ ಹಣ್ಣು ಬಿಟ್ಟು ಕಾಯಿ ಆರಿಸುತ್ತಿದ್ದದ್ದರಲ್ಲಿ ಅರ್ಥವಿತ್ತು. ಇದಕ್ಕೆ ನಾನು ಚಪ್ಪಾಳೆ ತಟ್ಟಲು ತಯಾರಿರಲಿಲ್ಲ, ಆದರೆ ಬರೆದುಕೊಂಡೆ.

ಮೊದಲು ಉತ್ಕರ್ಷಣ ನಿರೋಧಕ, ಅಂದರೆ ಆಂಟಿಆಕ್ಸಿಡೆಂಟ್, ಗುಣದ ಪರೀಕ್ಷೆ. ನೇರಳೆ ಬಣ್ಣದ ಒಂದು ದ್ರಾವಣವಿರುತ್ತದೆ. ಅದಕ್ಕೆ ಹಣ್ಣಿನ ಸಾರ ಬೆರೆಸಿದರೆ, ಸಾರದಲ್ಲಿ ಶಕ್ತಿ ಇದ್ದಷ್ಟೂ ಬಣ್ಣ ಹಾರಿ ಹಳದಿಗೆ ತಿರುಗುತ್ತದೆ. ಕವಳಿ ಹಣ್ಣಿನ ಸಾರಕ್ಕೆ ಬಣ್ಣ ಚೆನ್ನಾಗಿಯೇ ಇಳಿಯಿತು, ತುಮರಿ ಕಾಯಿಯ ಸಾರಕ್ಕೆ ನಾವು ನೋಡುತ್ತಿದ್ದಂತೆಯೇ ಹಾರಿತು. ನನಗೆ ಖುಷಿಯಾಯಿತು. ಮೇಡಂ, "ಕೊಳವೆಯಲ್ಲಿ ಬಣ್ಣ ಹೋಯಿತು ಅಂತ ಬರಿ. ಅದಕ್ಕಿಂತ ಹೆಚ್ಚು ಬರೀಬೇಡ" ಎಂದರು.

ಆಮೇಲೆ ಫೀನಾಲ್ ಇದೆಯೇ ಇಲ್ಲವೇ ಎಂದು ನೋಡುವ ಹಳೆಯ, ಸುಲಭದ ಪರೀಕ್ಷೆ. ಸಾರಕ್ಕೆ ಫೆರಿಕ್ ಕ್ಲೋರೈಡಿನ, ಅಂದರೆ ಕಬ್ಬಿಣದ ಉಪ್ಪಿನ, ಒಂದೆರಡು ಹನಿ ಬಿಡಬೇಕು. ಬಿಟ್ಟೆ. ಕೊಳವೆಯ ಕಂದು ಸಾರ ತಟ್ಟನೆ ಕಪ್ಪಾಯಿತು. ನೀಲಿ ಮಿಶ್ರಿತ, ಮಸಿಯಂಥ ಕಪ್ಪು. ಆ ಬಣ್ಣವನ್ನು ನಾನು ಮೊದಲೇ ನೋಡಿದ್ದೆ. ಬಳ್ಳಾರಿಯ ದವಾಖಾನೆಯಲ್ಲಿ ಕಾಕಾನ ಪಾದಕ್ಕೆ ಸುತ್ತಿದ್ದ ಬಟ್ಟೆ ಬಿಚ್ಚಿದಾಗ ನೋಡಿದ್ದೆ.

ಕೊಳವೆಯನ್ನು ಬೆಳಕಿಗೆ ಹಿಡಿದೆ. ಕಪ್ಪು ಬಣ್ಣ ಟ್ಯಾನಿನ್ ಇದೆ ಎನ್ನುವುದಕ್ಕೆ ಗುರುತು, ಒಪ್ಪಿದೆ. ಆದರೆ ಆ ಕಪ್ಪು ಹುಟ್ಟುವುದೇ ಟ್ಯಾನಿನ್ ಕಬ್ಬಿಣದ ಕೈ ಹಿಡಿದಾಗ. ಒಮ್ಮೆ ಅದರ ಕೈ ತುಂಬಿತೆಂದರೆ ಸೂಕ್ಷ್ಮಜೀವಿಯನ್ನು ಹಿಡಿಯಲು ಉಳಿಯುವುದೇನು? ಬಾಣಲಿಯಲ್ಲಿ ಆಗುತ್ತಿದ್ದದ್ದು ಇದೇ. ಮಂದಿ ಯಾವುದನ್ನು ಮದ್ದಿನ ಕಸುವು ಎಂದು ಮೆಚ್ಚಿದರೋ ಅದು ಕಸುವು ಖರ್ಚಾದ ಬಣ್ಣ.

ಊಹೆಯನ್ನು ಊಹೆಯಾಗಿ ಬಿಡಲಿಲ್ಲ. ಒಂದೇ ಗುಂಪಿನ ಬಿಲ್ಲೆಗಳನ್ನು ಅರ್ಧ ಮಣ್ಣಿನ ಮಡಿಕೆಯಲ್ಲಿ, ಅರ್ಧ ಬಾಣಲಿಯಲ್ಲಿ ಕುದಿಸಿದೆ. ಕೀವು ಮಾಡುವ ಬ್ಯಾಕ್ಟೀರಿಯಾ ಹರಡಿದ ಅಗರ್ ತಟ್ಟೆಗಳ ಮೇಲೆ ಆ ಕಷಾಯಗಳಲ್ಲಿ ಅದ್ದಿದ ಸಣ್ಣ ಕಾಗದದ ಬಿಲ್ಲೆಗಳನ್ನು ಇಟ್ಟೆ. ಮರುದಿನ ತೆಗೆದು ನೋಡಿದರೆ, ಮಡಿಕೆಯ ಕಷಾಯದ ಸುತ್ತ ಏನೂ ಬೆಳೆಯದ ತಿಳಿಯಾದ ಬಳೆ. ಬಾಣಲಿಯ ಕಷಾಯದ ಸುತ್ತ ಬ್ಯಾಕ್ಟೀರಿಯಾ ಕಾಗದದ ಅಂಚಿನ ತನಕ ಬೆಳೆದು ನಿಂತಿತ್ತು. ಮತ್ತೆ ಮಾಡಿದೆ, ಮತ್ತೆ ಹಾಗೆಯೇ ಬಂತು.

"ಹಂಗಾದರೆ ಮಡಿಕೆಯಲ್ಲಿ ಕುದಿಸಿದ್ದರೆ ಕಾಲು ಉಳೀತಿತ್ತಾ ಮೇಡಂ?"

"ಈ ತಟ್ಟೆಗೆ ಸಕ್ಕರೆ ಕಾಯಿಲೆ ಇದೆಯಾ? ಇದಕ್ಕೆ ರಕ್ತ ಓಡೋದು ನಿಂತಿದೆಯಾ? ಇಲ್ಲಿ ಮದ್ದು, ಕ್ರಿಮಿ ಎದುರುಬದುರು ಕೂತಿವೆ. ಅಲ್ಲಿ ಕ್ರಿಮಿ ಮಾಂಸದ ಒಳಗಿತ್ತು, ಮದ್ದು ಚರ್ಮದ ಮೇಲಿತ್ತು. ಮಡಿಕೆಯದಾದರೂ ಅಷ್ಟೇ, ಬಾಣಲಿಯದಾದರೂ ಅಷ್ಟೇ."

ಈ ಮಾತು ನನ್ನ ಕೈಗೆ ಎರಡು ಅಲಗಿನ ಚಾಕು ಕೊಟ್ಟಿತು. ಕಪ್ಪು ಕಷಾಯ ಕೆಲಸಕ್ಕೆ ಬಾರದ್ದು, ಇದು ದೊಡ್ಡವ್ವನಿಗೆ ವಿರೋಧ. ಒಳ್ಳೆಯ ಕಷಾಯವಾಗಿದ್ದರೂ ಆ ಕಾಲು ಉಳಿಯುತ್ತಿರಲಿಲ್ಲ, ಇದು ಪರ. ಹಾಗಾದರೆ ಕಾಲು ತೆಗೆಸಿದ್ದು ಕಾಯಿಯಲ್ಲ, ತಡ. ತಡಕ್ಕೆ ಕಾರಣ, ಸಕ್ಕರೆ ಕಾಯಿಲೆ ಇರುವುದು ಯಾರಿಗೂ ಗೊತ್ತಿಲ್ಲದೆ ಹೋದದ್ದು. ಗೊತ್ತಿಲ್ಲದವರನ್ನು ತಪ್ಪಿತಸ್ಥರೆಂದು ಕರೆಯುವುದು ಯಾವ ನ್ಯಾಯ? ವಾದ ಕೂಡಿತು ಅನ್ನಿಸಿತು.

ಮೊದಲು ದೊಡ್ಡವ್ವನಿಗೇ ಹೇಳಿದೆ. ಬಾಣಲಿ ವಾಪಸು ಕೊಡಲು ಹೋದಾಗ ಆಕೆ ಅಂಗಳದಲ್ಲಿ ಕವಳಿ ಕಾಯಿ ಉಪ್ಪಿನಕಾಯಿಗೆ ಜಜ್ಜುತ್ತಿದ್ದಳು. ಮಡಿಕೆ, ಬಾಣಲಿ, ಬಳೆ, ಎಲ್ಲವನ್ನೂ ಕೇಳಿದಳು. ಕಾಯಿಯ ಅಂಟು ಹಾಲು ಹತ್ತಿದ ಕೈ ಹಾಗೆಯೇ ನಿಂತಿತು.

"ಹಂಗಾರ ಬಾಣಲಿ ಇಟ್ಟಾಗಿಂದ ಮಂದಿಗೆ ನಾನು ಬರೇ ಕರೇ ನೀರು ಹಾಕೀನೇನು?"

"ಕಾಸಿದ ನೀರಾಗ ದಿನಾ ತೊಳದೀ, ಸ್ವಚ್ಛ ಅರಿವಿ ಕಟ್ಟೀ, ನೊಣ ಕುಂದ್ರಗೊಡಲಿಲ್ಲ. ಅದರಿಂದಾನ ಎಷ್ಟೋ ಮಾಯ್ದಿರತಾವು."

"ಸಮಾಧಾನ ಮಾಡಬ್ಯಾಡ. ನೀನು ಲೆಕ್ಕದಾಕಿ, ಲೆಕ್ಕ ಹೇಳು. ಅವನ ಕಾಲು ನನ್ನ ಕೈಯಾಗ ಹೋತೇನು?"

"ಇಲ್ಲ" ಎಂದೆ. "ಸಕ್ಕರಿ ಐತಂತ ನಿನಗ ಗೊತ್ತಿದ್ದಿಲ್ಲ. ಗೊತ್ತಿದ್ರ ಕಳಿಸ್ತಿದ್ದಿ. ಅಷ್ಟ."

ಆಕೆ ನನ್ನ ಮುಖ ನೋಡಲಿಲ್ಲ. ಮತ್ತೆ ಕಾಯಿ ಜಜ್ಜತೊಡಗಿದಳು. "ಹುಡುಗಿ ಮದುವಿಗೆ ಹೋಗಬೇಕವ್ವಾ ನಾನು" ಎಂದಳು. "ಹಂದರದಾಗ ಕುಂತು."

ಮದುವೆ ಹತ್ತಿರವಿತ್ತು. ಹಗರಿಬೊಮ್ಮನಹಳ್ಳಿಗೆ ಹೋಗಿ ಅಲ್ಲಿಂದ ಟೆಂಪೊ ಹಿಡಿದು ತಂಬ್ರಹಳ್ಳಿಗೆ ಹೋದೆ. ಕಾಕಾ ಕಟ್ಟೆಯ ಮೇಲೆ ಕುಳಿತಿದ್ದ, ಊರುಗೋಲು ಗೋಡೆಗೆ ಒರಗಿಸಿತ್ತು. ಒಳಗಿನಿಂದ ಚಿಗವ್ವ ಚಹಾ ಇಡುವ ಸದ್ದು.

"ನನಗ ಸಕ್ರಿ ಹಾಕಬ್ಯಾಡ" ಎಂದು ಕಾಕಾ ಕೂಗಿದ.

"ಹಾಕಂಗಿಲ್ಲ ತಗಳ್ರಿ. ಇರಾದೊಂದು ಕಾಲರ ಬೇಕಲ್ಲ ನಮಗ."

ನಾನು ತಟ್ಟೆಗಳ ಕತೆ ಹೇಳಿದೆ. ಚಿಗವ್ವ ಚಹಾ ತಂದಿಟ್ಟು, ಅರ್ಧ ಕೇಳಿ, "ನೀನು ಏನರ ಹೇಳವ್ವಾ, ನಿನ್ನ ನಾಲಿಗಿ ಮುಂದ ವಕೀಲರು ಏನು ಸಾಟಿ? ಕಾಲು ಹೋದದ್ದು ನಮ್ಮದು" ಎಂದು ಒಳಗೆ ಹೋದಳು. ಕಾಕಾನ ಕಡೆ ತಿರುಗಿದೆ.

"ಕಾಕಾ, ಸಕ್ಕರಿ ಐತಂತ ಗೊತ್ತಿಲ್ದಾಗ ಆಕಿನ್ನ ಹೆಂಗ ತಪ್ಪು ಹಿಡೀತೀರಿ? ನೀನ ಒಂದು ಮಾತು ಹೇಳಿ ಕರೀ ಆಕಿನ್ನ. ನೀನು ಕರದ್ರ ಚಿಗವ್ವ ಏನೂ ಅನ್ನಂಗಿಲ್ಲ."

ಅವನು ಒಳಬಾಗಿಲ ಕಡೆ ನೋಡಿದ. ದನಿ ಇಳಿಸಿದ.

"ಗೊತ್ತಿತ್ತು ನನಗ."

"ಏನು?"

"ಸಕ್ಕರಿ ಐತಂತ. ಮುಳ್ಳು ಚುಚ್ಚಾಕಿಂತ ಮೊದಲ. ಹಡಗಲ್ಯಾಗ ಒಬ್ಬ ಡಾಕ್ಟರು ನೋಡಿ ಹೇಳಿದ್ದ. ಮಗಳು ಬೆಳದಾಳ, ಮನಿತನಕ್ಕ ಕಾಯಿಲಿ ಐತಂತ ನಾಕು ಮಂದಿ ಬಾಯಾಗ ಬಿದ್ರ ಯಾರು ಬರ್ತಾರ? ಮನ್ಯಾಗೂ ಹೇಳಲಿಲ್ಲ."

ಇದು ನನಗೆ ಬೇಕಾದ ಸಾಕ್ಷಿ. ಇದಕ್ಕಿಂತ ಗಟ್ಟಿಯಾದದ್ದು ಸಿಗುವುದಿಲ್ಲ. "ಹಂಗಾರ ನೀನ ಮುಚ್ಚಿಟ್ಟಿ. ದೊಡ್ಡವ್ವಂದೇನು ತಪ್ಪು?" ಎಂದೆ. ದನಿ ನನಗೆ ಗೊತ್ತಿಲ್ಲದೆ ಏರಿತು.

"ಸಾವಕಾಶ ಮಾತಾಡು" ಎಂದ. ತನ್ನ ಮೊಣಕಾಲಿನ ಮೇಲೆ ಕೈ ಆಡಿಸಿದ. "ಮಾತ್ರಿ ತರಬೇಕಂದ್ರ ಮನ್ಯಾಗ ತಿಳೀತೈತಿ. ಅದಕ್ಕ ಅತ್ತಿಗೆವ್ವನ ಹತ್ರ ಹೋಗಿ ನೇರಳೆ ಬೀಜದ ಪುಡಿ ಇಸ್ಕಂಡು ಬಂದೆ. ಸಕ್ಕರಿಗೆ ಕೊಡೋ ಪುಡಿ ಅದು. ನಿಮ್ಮ ಚಿಗವ್ವನ ತಂಗೀನ ಕೊಟ್ಟ ಅರಸೀಕೆರಿ ಬೀಗರಿಗೆ ಬೇಕಾಗೈತಿ ಅಂದೆ."

"ನಂಬಿದಳಾ?"

"ಪುಡಿ ಕಟ್ಟಿ ಕೊಟ್ಲು. ಕೊಡಬೇಕಾದ್ರ, 'ಬರಿಗಾಲಿಲೆ ಹೊಲಕ್ಕ ಹೋಗಬ್ಯಾಡ್ರಿ ಅಂತ ಹೇಳು ಅವರಿಗೆ. ಕಾಲು ಜ್ವಾಕಿ' ಅಂದ್ಲು."

"ಅದರಾಗೇನೈತಿ?"

"ಅರಸೀಕೆರಿ ಬೀಗರಿಗೆ ಹೊಲ ಎಲ್ಲೈತಿ? ಅವರದು ಜವಳಿ ಅಂಗಡಿ. ನಿಮ್ಮ ದೊಡ್ಡವ್ವ ಎಷ್ಟು ಸಲ ಅಲ್ಲಿ ಸೀರಿ ತಂದಿಲ್ಲ?"

ಚಹಾ ಕೆನೆಗಟ್ಟಿತ್ತು. ಅವನೇ ಮುಂದುವರಿಸಿದ: "ಆಕಿ ಅದನ್ನ ಬಾಯಿಬಿಟ್ಟು ಕೇಳಲಿಲ್ಲ, ನಾನು ಹೇಳಲಿಲ್ಲ. ಕಾಲು ಊದಿದಾಗ ಆಕಿ ಹತ್ರಾನ ಹೋದದ್ದು ಯಾಕಂತೀ? ಏನೂ ಕೇಳಂಗಿಲ್ಲ ಅಂತ ಹೋದೆ. ನಾನ ಬಂದು ಆಕಿನ್ನ ಮದುವಿಗೆ ಕರೀತೀನಿ. ಆದ್ರ ಇದನ್ನ ನಿಮ್ಮ ಚಿಗವ್ವನ ಮುಂದ ಆಡಬ್ಯಾಡ. ಆಗಿದ್ದಾತು, ಮರೆತು ಕರದೀವಿ ಅಂತೀನಿ."

ಮರೆತು ಕರೆಯುವುದು ಬೇರೆ, ತಪ್ಪಿಲ್ಲವೆಂದು ಕರೆಯುವುದು ಬೇರೆ. ಹಾಗೆಂದು ಹೇಳಲು ಬಾಯಿ ತೆರೆದೆ. ಆದರೆ ತಪ್ಪಿಲ್ಲ ಎನ್ನಲು ನನ್ನ ಕೈಯಲ್ಲಿ ಈಗ ಏನು ಉಳಿದಿತ್ತು? ನನ್ನ ವಾದದ ಕಟ್ಟಡವೆಲ್ಲ ನಿಂತದ್ದು ಆಕೆಗೆ ಗೊತ್ತಿರಲಿಲ್ಲ ಎಂಬ ಒಂದೇ ಕಂಬದ ಮೇಲೆ.

ವಾಪಸು ಬರುವಾಗ ಟೆಂಪೊದಲ್ಲಿ ಎರಡೂ ಚೀಟಿ ಎತ್ತಿ ನೋಡಿದೆ. ಗೊತ್ತಿರಲಿಲ್ಲ ಎನ್ನುವ ಪಕ್ಷ: ಸಕ್ಕರೆ ಕಾಯಿಲೆಯ ಪುಡಿ ಒಯ್ಯುವವರಿಗೆಲ್ಲ ಕಾಲು ಜೋಪಾನ ಅನ್ನುವುದು ಆಕೆಯ ರೂಢಿ, ಹೊಲ ಎಂದದ್ದು ಬಾಯಿಗೆ ಬಂದ ಮಾತು. ಗೊತ್ತಿತ್ತು ಎನ್ನುವ ಪಕ್ಷ: ಹೊಲ ಎಂದದ್ದು ಅವನಿಗೇ. ಹಾಗಾದರೆ ಬಾಗಿಲಲ್ಲಿ ನಿಂತಾಗಲೇ ಅಂಥವರನ್ನು ದವಾಖಾನೆಗೆ ಕಳಿಸುತ್ತಿದ್ದ ಹೆಂಗಸು ಇವನೊಬ್ಬನನ್ನು ಯಾಕೆ ಒಳಗೆ ಕರೆದು ಪಾದ ತೊಳೆದಳು? ಮೈದುನನ ಗುಟ್ಟು ಕಾಯಲೆಂದೇ? ತಾನು ಬೆಳೆಸಿದ ಹುಡುಗಿಗೆ ಗಂಡು ಬರಲೆಂದೇ? ಕಪ್ಪು ಕಷಾಯ ಅಷ್ಟು ಗಟ್ಟಿ ಎಂದು ನಂಬಿದ್ದಳೇ? ಬಳ್ಳಾರಿಯ ಬೆಂಚಿನ ಮೇಲೆ ಯಾರು ಹೇಳಿದ್ರವ್ವಾ ನನಗ ಎಂದದ್ದು ಆಗ ಏನು? ಸುಳ್ಳೋ, ಅಥವಾ ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ ಎಂಬ ಅಕ್ಷರಶಃ ನಿಜವೋ? ಎರಡು ಪಕ್ಷವನ್ನೂ ನಾನು ಗೆಲ್ಲಿಸಬಲ್ಲೆ. ಅದರಿಂದಲೇ ನನಗೆ ಮೊದಲ ಸಲ ಭಯವಾಯಿತು.

ಕಾಕಾ ಮಾತಿಗೆ ತಪ್ಪಲಿಲ್ಲ. ಊರುಗೋಲು ಊರಿಕೊಂಡು ಗುಡ್ಡದ ಊರಿನ ತನಕ ಬಂದು ಕರೆದು ಹೋದ. ಮದುವೆಯ ಹಿಂದಿನ ದಿನ ದೊಡ್ಡವ್ವನನ್ನು ಕರೆದೊಯ್ಯಲು ನಾನೇ ಹೋದೆ. ಆಕೆ ತಲೆ ಬಾಚಿ, ಹೊಸ ಸೀರೆ ಉಟ್ಟು, ಚೀಲ ತೊಡೆಯ ಮೇಲಿಟ್ಟುಕೊಂಡು ಬಾಗಿಲಲ್ಲಿ ಕುಳಿತಿದ್ದಳು. ಎಷ್ಟೋ ವರ್ಷಗಳಿಂದ ಆ ಮುಖದಲ್ಲಿ ನಾನು ಅಂಥ ಬೆಳಕು ನೋಡಿರಲಿಲ್ಲ.

"ಬಂದ್ಯಾ? ನಡಿ, ಬಸ್ಸು ತಪ್ಪತೈತಿ. ಎಲ್ಲಾ ನೀನು ಹೋಗಿ ಹೇಳಿದ್ದರಿಂದ ಆತು ನೋಡು. ನಿನ್ನ ಚರ್ಚಾ ಸ್ಪರ್ಧಿ ಕಡಿಗೂ ನನಗ ಕೂಡಿ ಬಂತು."

ನಾನು ಆಕೆಯ ಪಕ್ಕದಲ್ಲಿ ಕುಳಿತೆ. ಕೇಳಬಾರದು ಎಂದು ದಾರಿಯುದ್ದಕ್ಕೂ ನಿರ್ಧರಿಸಿಕೊಂಡು ಬಂದಿದ್ದೆ. ಆದರೆ ಆಕೆಯ ಪರವಾಗಿ ಬಳಗದ ಮುಂದೆ ನಾಳೆ ಯಾರಾದರೂ ನಿಲ್ಲಬೇಕಾದರೆ ನಿಲ್ಲುವವಳು ನಾನೇ, ಏನು ಹಿಡಿದು ನಿಲ್ಲಬೇಕು ಎಂಬುದು ನನಗೆ ತಿಳಿಯಬೇಕಿತ್ತು.

"ದೊಡ್ಡವ್ವಾ, ಕಾಕಾ ನೇರಳೆ ಬೀಜದ ಪುಡಿ ಇಸ್ಕಂಡು ಹೋದಾಗ, ಅದು ಬೀಗರಿಗಲ್ಲ, ಅವನಿಗೇ ಅಂತ ನಿನಗ ಗೊತ್ತಿತ್ತೇನು?"